ಜಾಗ ನೋಡಲು ಬಂದ ಅಮ್ಮ

ಎಂ.ಎ. ಓದಲು ನಾನು ಬೆಂಗಳೂರಿಗೇ ಹೋಗಬೇಕಾಗಿರಲಿಲ್ಲ. ತುಮಕೂರಿನಲ್ಲೂ ಅದೇ ವಿಷಯವಿತ್ತು. ಬಡವನಹಳ್ಳಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದಿತ್ತು, ಹೆಂಗಸರಿಗೆ ಸರ್ಕಾರಿ ಬಸ್ಸು ಹೇಗೂ ಪುಕ್ಕಟೆ. ಇದನ್ನು ಅಪ್ಪ ಮೊದಲ ವರ್ಷದುದ್ದಕ್ಕೂ ಫೋನಿನಲ್ಲಿ ಹೇಳುತ್ತಲೇ ಬಂದ. ನಾನು ಪ್ರತಿ ಸಲವೂ ಲೈಬ್ರರಿ, ಒಳ್ಳೆಯ ಮೇಷ್ಟ್ರುಗಳು, ಮುಂದಿನ ಪರೀಕ್ಷೆಗಳ ಕೋಚಿಂಗು ಎಂದು ಪಾಠ ಒಪ್ಪಿಸುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಅಲ್ಲಿದ್ದದ್ದು ಅದಕ್ಕಲ್ಲ, ಸಂಜೆಗೋಸ್ಕರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಿನಲ್ಲಿ ದೀಪ ಹತ್ತಿದ ಮೇಲೆ ಹುಡುಗಿಯೊಬ್ಬಳು ಮನೆಯಿಂದ ಹೊರಬಿದ್ದರೆ ಅವಳ ಕೈಯಲ್ಲಿ ಒಂದು ಕಾರಣ ಇರಬೇಕು. ಹಾಲಿನ ಪಾತ್ರೆ, ಜೆರಾಕ್ಸ್ ಮಾಡಿಸುವ ಹಾಳೆ, ಅತ್ತೆ ಮನೆಗೆ ಕೊಡಬೇಕಾದ ಸಾರಿನ ಡಬ್ಬಿ. ಚಿಲ್ಲರೆ ಅಂಗಡಿಯವನಿಂದ ಹಿಡಿದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತವರವರೆಗೆ ಎಲ್ಲರೂ ಕೇಳುತ್ತಾರೆ, "ಎಲ್ಲಿಗಮ್ಮ ಹೊಂಟೆ?" ಕೇಳುವುದರಲ್ಲಿ ಕೆಟ್ಟದ್ದೇನೂ ಇಲ್ಲ, ಅದೊಂದು ಮಾತಾಡಿಸುವ ರೀತಿ. ಆದರೆ ಚಿಕ್ಕಂದಿನಿಂದ ಉತ್ತರ ಕೊಟ್ಟು ನನಗೆ ಸಾಕಾಗಿತ್ತು. ಬೆಂಗಳೂರಿನಲ್ಲಿ ಸಂಜೆ ಆರರಿಂದ ಹಾಸ್ಟೆಲ್ ಗೇಟು ಹಾಕುವ ಒಂಬತ್ತೂವರೆಯ ತನಕ ನಾನು ಕೈಬೀಸಿಕೊಂಡು ನಡೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಊರು ಬಿಡುತ್ತಾರೆಯೇ ಎಂದರೆ, ನಾನು ಬಿಟ್ಟೆ.

ಈ ಸಂಜೆಗಳ ವಿದ್ಯೆಯಲ್ಲಿ ನನ್ನ ಗುರು ಹಾಸ್ಟೆಲ್ಲಿನ ರೂಮ್‌ಮೇಟು. ಪಾವಗಡದವಳು. ಮನೆಯಲ್ಲಿ ಮಾತಾಡುವುದು ತೆಲುಗು, ಜಗಳ ಮಾಡುವುದು ಕನ್ನಡ, ಗೊಣಗುವುದು ಎರಡೂ ಸೇರಿಸಿ. ನಮ್ಮ ಓಡಾಟಕ್ಕೆ ಅವಳು 'ನೈಟ್ ಲೈಫು' ಎಂದು ಹೆಸರಿಟ್ಟಿದ್ದಳು. ಒಂಬತ್ತೂವರೆಗೆ ಮುಗಿಯುವ ನೈಟ್ ಲೈಫು. ಅವಳ ಕಾನೂನುಗಳು ಖಡಾಖಂಡಿತವಾಗಿದ್ದವು. ಎ.ಸಿ. ಬಸ್ಸು ಬಂದರೆ ಬಿಟ್ಟುಬಿಡು, ಅದರಲ್ಲಿ ಹೆಂಗಸರಿಗೂ ಟಿಕೆಟ್ಟು. ಕೂತುಕೊಂಡು ತಿನ್ನುವ ಹೋಟೆಲಿಗೆ ಹೋಗಬೇಡ, ನಿಂತು ತಿನ್ನುವ ಕಡೆ ಹೋಗು. ಮೆನು ಕೈಗೆ ಕೊಡುವ ಜಾಗದಲ್ಲಿ ನೀರು ಕೂಡ ಕುಡಿಯಬೇಡ. ಪುಸ್ತಕದಂಗಡಿಯಲ್ಲಿ ನಿಂತು ಓದುವುದು ಕಳ್ಳತನವಲ್ಲ, ಆದರೆ ಒಂದೇ ಅಂಗಡಿಯಲ್ಲಿ ಒಂದೇ ಪುಸ್ತಕವನ್ನು ಪೂರ್ತಿ ಮುಗಿಸುವುದು ಮರ್ಯಾದೆಯಲ್ಲ.

ಹೀಗೆ ನಾವು ಬೆಂಗಳೂರನ್ನು ನೋಡಿದೆವು. ಅರಮನೆಯನ್ನು ಗೇಟಿನಿಂದ ನೋಡಿದೆವು. ವಿಧಾನಸೌಧಕ್ಕೆ ದೀಪ ಹಾಕುವ ಭಾನುವಾರಗಳಂದು ಎದುರಿನ ಫುಟ್‌ಪಾತಿನಲ್ಲಿ ನಿಂತು ಬೇರೆಯವರು ಕೊಂಡ ಹುರಿಗಡಲೆಯ ವಾಸನೆ ಕುಡಿದೆವು. ತಿಂಡಿ ಬೀದಿಯಲ್ಲಿ ಒಂದು ದೋಸೆಗೆ ಎರಡು ತಟ್ಟೆ ಕೇಳಿದೆವು. ಚರ್ಚ್ ಸ್ಟ್ರೀಟಿನಲ್ಲಿ ಮೇಲಿನ ಮಹಡಿಯ ಪಬ್ಬಿನಿಂದ ಇಳಿದುಬರುವ ಹಾಡನ್ನು ಕೆಳಗೆ ನಿಂತು ಕೇಳಿದೆವು, ಬಾಗಿಲ ಬಳಿಯ ಸೆಕ್ಯುರಿಟಿಯವರು ನಮ್ಮ ಕಡೆ ತಿರುಗುವ ತನಕ. ಅವರು ತಿರುಗಿದರೆ ಎದುರಿನ ಬದಿಗೆ ಹೋಗಿ ಕೇಳುತ್ತಿದ್ದೆವು. ಹಾಡು ಅಲ್ಲಿಗೂ ಅಷ್ಟೇ ಚೆನ್ನಾಗಿ ಕೇಳುತ್ತಿತ್ತು.

ಮೊದಲ ವರ್ಷ ಮುಗಿದು ರಜೆಗೆ ಹೋದಾಗ ಅಪ್ಪ ಮದಲೂರು ಕೆರೆಯ ಅಂಗಳದಲ್ಲಿದ್ದ. ನಮ್ಮದು ಕುರಿ ಸಾಕುವ ಮನೆ. ಮೇವು ಇರುವ ಕಡೆ ಮಂದೆ ಹೊಡೆದುಕೊಂಡು ಹೋಗುವುದು, ಅಲ್ಲಲ್ಲೇ ಇಳಿದುಕೊಳ್ಳುವುದು ನಮ್ಮಲ್ಲಿ ಇನ್ನೂ ಇದೆ. ಅಪ್ಪ ಜಾಲಿ ನೆರಳಿನಲ್ಲಿ ಕೂತು ಎದ್ದೇಳದೆಯೇ ತೀರ್ಪು ಹೇಳಿದ.

"ನಿಮ್ಮಮ್ಮ ಒಂದ್ಸಲ ಹೋಗಿ ನೋಡ್ಕಂಡ್ ಬರ್ಲಿ. ಅವ್ಳು ಹೂಂ ಅಂದ್ರೆ ಇನ್ನೊಂದ್ ವರ್ಸ ಇರು. ಊಹೂಂ ಅಂದ್ರೆ ಬಂದ್ಬುಡು, ತುಮಕೂರಿಗೆ ಸೇರ್ಕಂಡ್ ಮನೆಯಿಂದ್ಲೇ ಓಡಾಡು. ಒಂದ್ ವರ್ಸ ಹೋದ್ರೆ ಹೋಗ್ಲಿ."

"ಅಮ್ಮ ಏನು ನೋಡ್ತಾಳೆ ಅಲ್ಲಿ?" ಎಂದೆ.

"ಅದ್ನ ನಂಗ್ಯಾಕ್ ಕೇಳ್ತೀಯ? ಅವ್ಳು ನೋಡ್ತಾಳೆ ಬುಡು" ಎಂದ ಅಪ್ಪ. ಅಮ್ಮ ಪಕ್ಕದಲ್ಲೇ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ.

ನಾನು ಆರನೆಯ ಕ್ಲಾಸಿನಿಂದ ವಸತಿ ಶಾಲೆ, ಆಮೇಲೆ ಹಾಸ್ಟೆಲ್ಲು ಎಂದು ಬೆಳೆದವಳು. ಮಂದೆಯ ಜೊತೆ ನಾನು ರಜೆಯಲ್ಲಿ ಮಾತ್ರ ಇದ್ದದ್ದು, ಅದೂ ಹಗಲು ಹೊತ್ತು. ಅಪ್ಪನ ಮಾತನ್ನು ನಾನು ನೆಂಟರ ಮಾತಿನಂತೆ ಅರ್ಥ ಮಾಡಿಕೊಂಡೆ. ಅಮ್ಮನಿಗೆ ಊರು ತೋರಿಸಬೇಕು, ಅವಳು ಖುಷಿಯಾಗಬೇಕು, ಖುಷಿಯಾದರೆ ಹೂಂ ಅನ್ನುತ್ತಾಳೆ. ಬೆಂಗಳೂರಿಗೆ ವಾಪಸ್ಸು ಹೋಗಿ ನಾನೂ ರೂಮ್‌ಮೇಟೂ ಕೂತು ಒಂದು ದಿನದ ಕಾರ್ಯಕ್ರಮ ಹಾಕಿದೆವು. ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನ ತಾರಾಲಯ, ಆಮೇಲೆ ಕಬ್ಬನ್ ಪಾರ್ಕು, ಐದು ಗಂಟೆಯ ಒಳಗೆ ಮೆಜೆಸ್ಟಿಕ್. ಬೆಳಕಿರುವಾಗಲೇ ಅಮ್ಮ ಬಸ್ಸಿನಲ್ಲಿ ಕೂತಿರಬೇಕು. ಸಂಜೆ ಅವಳ ಕಣ್ಣಿಗೆ ಬೀಳಕೂಡದು ಎನ್ನುವುದೇ ಇಡೀ ಕಾರ್ಯಕ್ರಮದ ತಿರುಳು. ರೂಮ್‌ಮೇಟಿಗೆ ಈ ಭಾಗ ಹಿಡಿಸಲಿಲ್ಲ. "ಎಂದುಕೇ ಅಷ್ಟು ಭಯ ನಿಂಗೆ? ನಾವೇನ್ ತಪ್ಪು ಮಾಡ್ತಿದ್ದೀವಾ?" ಎಂದಳು. ತಪ್ಪಿಲ್ಲ ಎನ್ನುವುದನ್ನು ಅಮ್ಮನಿಗೆ ವಿವರಿಸಿ ಹೇಳಬೇಕಲ್ಲ, ಕಷ್ಟ ಅದು ಎಂದೆ.

ಅಮ್ಮ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ, ಕೊರಟಗೆರೆ ದಾಟಿ, ಮೆಜೆಸ್ಟಿಕ್‌ನಲ್ಲಿ ಇಳಿದಳು. ಒಂದು ಕೈಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟಿದ್ದ ವೈರಿನ ಬುಟ್ಟಿ, ಇನ್ನೊಂದರಲ್ಲಿ ಆಧಾರ್ ಕಾರ್ಡು. ಕಂಡಕ್ಟರು ನೋಡಿ ವಾಪಸ್ಸು ಕೊಟ್ಟಾಗಿನಿಂದ ಅದನ್ನು ಹಾಗೇ ಹಿಡಿದುಕೊಂಡಿದ್ದಳು, ಇಳಿಯುವಾಗಲೂ ಯಾರಾದರೂ ಕೇಳಬಹುದು ಎಂದು. ಮಂದೆಯ ಹಿಂದೆ ಹಿರಿಯೂರಿನ ತನಕ, ಆ ಕಡೆ ಆಂಧ್ರದ ಗಡಿ ದಾಟಿಯೂ ನಡೆದುಹೋದವಳು ಅವಳು. ಬೆಂಗಳೂರು ಮಾತ್ರ ಅದೇ ಮೊದಲು, ಏಕೆಂದರೆ ಇಲ್ಲಿ ಮೇವಿಲ್ಲ.

ಲಾಲ್‌ಬಾಗಿನ ಹುಲ್ಲು ನೋಡಿ ಅಮ್ಮ ಬಹಳ ಹೊತ್ತು ನಿಂತಳು. ನಾನು ಖುಷಿಪಟ್ಟೆ. ಕೊನೆಗೆ ಅವಳು ಕೇಳಿದ್ದು, "ಇಷ್ಟು ಹುಲ್ಲೈತೆ, ಒಂದೂ ಕುರಿ ಬುಡಲ್ವಾ?" ಬಿಡುವುದಿಲ್ಲ, ಮಿಷನ್ನಿನಲ್ಲಿ ಕತ್ತರಿಸುತ್ತಾರೆ ಎಂದೆ. ಕತ್ತರಿಸಿದ್ದನ್ನು ಏನು ಮಾಡುತ್ತಾರೆ ಎಂದಳು. ನನಗೆ ಗೊತ್ತಿರಲಿಲ್ಲ. ಅಲ್ಲಿನ ಬಂಡೆಗುಡ್ಡದ ಮೇಲೆ ಕರೆದುಕೊಂಡು ಹೋಗಿ, ಇದು ಪ್ರಪಂಚದಲ್ಲೇ ಬಹಳ ಹಳೆಯ ಕಲ್ಲು, ದೂರದೂರದಿಂದ ಬಂದು ನೋಡುತ್ತಾರೆ ಎಂದು ವಿವರಿಸಿದೆ. ಅಮ್ಮ ಮಧುಗಿರಿ ಬೆಟ್ಟವನ್ನು ದಿನಾ ಕಣ್ಣೆದುರು ಇಟ್ಟುಕೊಂಡವಳು, ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಹುಟ್ಟಿದವಳು. ಸುತ್ತ ಒಂದು ಸಲ ನೋಡಿ, "ಮರಿ ಬೆಟ್ಟ" ಎಂದಳು. ಅವಳ ದನಿಯಲ್ಲಿ ಹೀಯಾಳಿಕೆ ಇರಲಿಲ್ಲ, ಬೆಳೆಯಬಹುದು ಎಂಬಂತಿತ್ತು.

ತಾರಾಲಯದ ಕತೆ ಇನ್ನೂ ಚೆಂದ. ಕತ್ತಲೆ ಗೋಳದೊಳಗೆ ಕುರ್ಚಿ ಹಿಂದಕ್ಕೆ ಬಾಗಿತು, ಚಾವಣಿಯಲ್ಲಿ ನಕ್ಷತ್ರಗಳು ಹತ್ತಿದವು, ದಪ್ಪ ದನಿಯೊಂದು ಬ್ರಹ್ಮಾಂಡದ ಬಗ್ಗೆ ಮಾತಾಡತೊಡಗಿತು. ಅಮ್ಮ ನನ್ನ ಕಿವಿಯ ಹತ್ತಿರ ಬಂದು, "ಗಾಳಿನೇ ಇಲ್ವಲ್ಲಮ್ಮ" ಎಂದಳು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋಗಿದ್ದಳು. ಆಕಾಶ ಕಂಡ ಕೂಡಲೇ ಮಲಗುವುದು ಅವಳಿಗೆ ರೂಢಿ. ದೀಪ ಹಾಕಿದಾಗ ಎದ್ದು, ಕುರ್ಚಿ ಬಹಳ ಚೆನ್ನಾಗಿದೆ ಎಂದಳು.

ಕಬ್ಬನ್ ಪಾರ್ಕಿನಲ್ಲಿ ರೊಟ್ಟಿ ತಿಂದೆವು. ಐದಕ್ಕೆ ಮೊದಲೇ ಮೆಜೆಸ್ಟಿಕ್ ತಲುಪಿದೆವು. ಎಲ್ಲವೂ ನಾನು ಅಂದುಕೊಂಡಂತೆಯೇ ನಡೆದಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಪಾವಗಡದ ಬಸ್ಸು ನಿಂತಿತ್ತು, ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ಕೊರಟಗೆರೆ, ಮಧುಗಿರಿ, ಪಾವಗಡ" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದರು. ಕಿಟಕಿ ಪಕ್ಕದ ಸೀಟೂ ಖಾಲಿ ಇತ್ತು. ಅಮ್ಮ ಬೆಂಚಿನಿಂದ ಏಳಲಿಲ್ಲ.

"ಮುಂದಿನ್ ಬಸ್ಸು ನೋಡಾನ" ಎಂದಳು.

ಮುಂದಿನದೂ ಬಂತು, ಹೋಯಿತು. ನನಗೆ ಸಿಟ್ಟು ಏರತೊಡಗಿತು. ತಡವಾದರೆ ಬಡವನಹಳ್ಳಿಗೆ ಮಧುಗಿರಿಯಿಂದ ಬಸ್ಸು ಸಿಗುವುದಿಲ್ಲ, ಆಟೋದವನು ಬಾಯಿಗೆ ಬಂದಷ್ಟು ಕೇಳುತ್ತಾನೆ, ಅಪ್ಪ ಕಾಯುತ್ತಿರುತ್ತಾನೆ ಎಂದೆಲ್ಲ ಹೇಳಿದೆ. ಅಮ್ಮ ಕಾಲು ಮೇಲಕ್ಕೆತ್ತಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕತ್ಲಾಗ್ಲಿ ಕಣಮ್ಮ. ಇನ್ನೂ ನೋಡೇ ಇಲ್ವಲ್ಲ."

"ಬೆಳಗಿನಿಂದ ತೋರ್ಸಿದ್ದೇನು ಮತ್ತೆ?"

"ಅದು ಬೆಳ್ಕಲ್ಲಿ. ಬೆಳ್ಕಲ್ಲಿ ಎಲ್ಲಾ ಜಾಗಾನೂ ಚೆಂದಾಗೇ ಇರ್ತದೆ. ಅದ್ಕೆ ನಾನ್ಯಾಕ್ ಬರ್ಬೇಕಿತ್ತು?"

ಆಗ ನನಗೆ ಹೊಳೆಯಿತು. ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಕುರಿ ಕೂಡಿಸಲು ನಮ್ಮವರನ್ನು ಕರೆಯುತ್ತಾರೆ. ಗುರುತಿಲ್ಲದ ಹೊಲವಾದರೆ ನಮ್ಮವರು ನೇರ ಮಂದೆ ಹೊಡೆದುಕೊಂಡು ಹೋಗುವುದಿಲ್ಲ. ಹಿಂದಿನ ದಿನ ಸೂರ್ಯ ಮುಳುಗುವ ಹೊತ್ತಿಗೆ ಒಬ್ಬರು ಬರಿಗೈಯಲ್ಲಿ ಹೋಗಿ ಬದುವಿನ ಮೇಲೆ ಕೂತು, ಕತ್ತಲಾಗಿ ಬಹಳ ಹೊತ್ತಾಗುವ ತನಕ ಸುಮ್ಮನೆ ನೋಡಿ ಬರುತ್ತಾರೆ. ನಾಯಿಗಳು ಯಾವ ದಿಕ್ಕಿನಿಂದ ಬರುತ್ತವೆ, ಕುಡಿದವರು ಯಾವ ದಾರಿ ಹಿಡಿಯುತ್ತಾರೆ, ಹೊಲದ ಯಜಮಾನ ರಾತ್ರಿ ಎಂಥವನು, ಇವೆಲ್ಲ ಹಗಲು ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ಅಮ್ಮನದು. ಸಿರಾ ಹತ್ತಿರ ಒಬ್ಬರು ಸಾಹೇಬರ ಹೊಲವನ್ನು ಹಗಲು ನೋಡಿದ್ದರೆ ಯಾರೂ ಒಪ್ಪುತ್ತಿರಲಿಲ್ಲವಂತೆ, ಬರೀ ಕಲ್ಲು. ಅಮ್ಮ ಕತ್ತಲಲ್ಲಿ ಕೂತಿದ್ದಾಗ ಆ ಮನುಷ್ಯ ಬ್ಯಾಟರಿ ಹಿಡಿದು ಬಂದು, ಒಬ್ಬಳೇ ಕೂತಿದ್ದೀಯಲ್ಲಮ್ಮ ಎಂದು ಮನೆಯಿಂದ ಹೆಂಡತಿಯನ್ನು ಕರೆದು ಚಹಾ ತರಿಸಿದರಂತೆ. ಆ ಹೊಲಕ್ಕೆ ನಮ್ಮ ಮಂದೆ ಈಗಲೂ ಹೋಗುತ್ತದೆ. ಇದನ್ನೆಲ್ಲ ನಾನು ಮನೆಯಲ್ಲಿ ಕತೆಯಾಗಿ ಕೇಳಿದ್ದೆನೇ ಹೊರತು, ನನ್ನ ವಿಷಯಕ್ಕೂ ಅದೇ ಕ್ರಮ ಎಂದು ತಲೆಗೆ ಹೋಗಿರಲಿಲ್ಲ. ಅಪ್ಪ ನೋಡಿಕೊಂಡು ಬಾ ಎಂದದ್ದು ಇದನ್ನು. ನಾನು ಅವಳಿಗೆ ಗಿಡಮರ ತೋರಿಸಿ ದಣಿದಿದ್ದೆ.

ಒಂದೇ ಒಂದು ಉಪಾಯ ಉಳಿದಿತ್ತು. ಮಗಳನ್ನು ನೋಡಲು ಬಂದ ತಾಯಂದಿರಿಗೆ ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಇರಲು ಬಿಡುತ್ತಿದ್ದರು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಗೇಟಿನ ಮೆಟ್ಟಿಲ ಮೇಲೆ ಕೂರಿಸಿದೆ. ನಮ್ಮ ಸಂಜೆ ಎಂದರೆ ಇದೇ, ಈ ಗಲ್ಲಿ, ಆ ಮೆಡಿಕಲ್ ಶಾಪು, ಆಮೇಲೆ ರೂಮಿನಲ್ಲಿ ಓದು ಎಂದು ಹೇಳಿದೆ. ಅಮ್ಮ ಗಲ್ಲಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಬೀದಿದೀಪ ಕೆಟ್ಟಿತ್ತು. ಮೂರು ನಾಯಿಗಳು ಕಸದ ಸುತ್ತ ಇದ್ದವು. ಬೈಕಿನ ಮೇಲೆ ಇಬ್ಬರು ಒಂದು ಸುತ್ತು ಹಾಕಿ ಹೋದರು, ಮತ್ತೆ ಬಂದರು. ಅಮ್ಮನ ಮುಖ ಬಿಗಿಯಾಗುತ್ತಿರುವುದು ಕತ್ತಲಲ್ಲೂ ಗೊತ್ತಾಗುತ್ತಿತ್ತು. ನನ್ನ ಎರಡನೆಯ ವರ್ಷ ಆ ಮೆಟ್ಟಿಲ ಮೇಲೆ ಕೈಬಿಟ್ಟುಹೋಗುತ್ತಿತ್ತು.

ಅಷ್ಟರಲ್ಲಿ ರೂಮ್‌ಮೇಟು ತಲೆ ಬಾಚಿ, ಓಲೆ ಹಾಕಿಕೊಂಡು ಇಳಿದುಬಂದಳು. ನನ್ನ ಕಣ್ಸನ್ನೆ ಅವಳಿಗೆ ಕಾಣಲಿಲ್ಲವೋ, ಕಂಡರೂ ಬೇಡವಾಗಿತ್ತೋ, ಇವತ್ತಿಗೂ ಹೇಳಿಲ್ಲ.

"ಅರೆ, ಆಂಟಿ ಇನ್ನೂ ಇಲ್ಲೇ ಅವ್ರೆ! ಇವತ್ತು ಹೋಗಲ್ವೇನೇ ನಾವು?"

"ಎಲ್ಲಿಗಮ್ಮ?" ಎಂದಳು ಅಮ್ಮ.

"ಸುಮ್ನೆ ಆಂಟಿ, ತಿರಗೋಕೆ. ದಿನಾ ಹೋಗ್ತೀವಲ್ಲ."

ಅಮ್ಮ ನನ್ನ ಕಡೆ ತಿರುಗಲಿಲ್ಲ. ಬುಟ್ಟಿ ಎತ್ತಿಕೊಂಡು, "ನಡೀರಿ ಮತ್ತೆ" ಎಂದಳು.

ಚರ್ಚ್ ಸ್ಟ್ರೀಟು ಶನಿವಾರದ ಸಂಜೆ ಹೇಗಿರುತ್ತದೋ ಹಾಗೇ ಇತ್ತು. ನನಗೆ ದಿನವೂ ಚೆಂದ ಕಾಣುತ್ತಿದ್ದ ಬೀದಿಯಲ್ಲಿ ಅವತ್ತು ಅಮ್ಮನಿಗೆ ಕಾಣಬಾರದ್ದು ಮಾತ್ರ ಕಾಣತೊಡಗಿತು. ಹುಡುಗಿಯೊಬ್ಬಳು ಸಿಗರೇಟು ಹಚ್ಚಿದಳು. ಜೋಡಿಯೊಂದು ಗೋಡೆಗೊರಗಿ ತಬ್ಬಿಕೊಂಡು ನಿಂತಿತ್ತು. ಪಬ್ಬಿನ ಮೆಟ್ಟಿಲಿಂದ ಇಬ್ಬರು ಒಬ್ಬರಿಗೊಬ್ಬರು ಆನಿಕೊಂಡು ಇಳಿಯುತ್ತಿದ್ದರು. ಒಬ್ಬ ಹುಡುಗ ಗಿಟಾರು ಹಿಡಿದು ಹಾಡುತ್ತಿದ್ದ, ಸುತ್ತ ಹತ್ತಾರು ಜನ ನಿಂತಿದ್ದರು. ಅಮ್ಮ ಅಂಗಡಿಯೊಂದರ ಮುಂದಿನ ಕಲ್ಲಿನ ಕಟ್ಟೆ ನೋಡಿ, ಸೆರಗಿನಿಂದ ಒಂದು ಸಲ ಕೊಡವಿ, ಕೂತಳು. ಬದುವಿನ ಮೇಲೆ ಕೂರುವುದೂ ಹೀಗೆಯೇ ಇರಬೇಕು. ಬೆನ್ನಿಗೆ ಗೋಡೆ, ಎದುರಿಗೆ ದಾರಿ. ರೂಮ್‌ಮೇಟು ಪಕ್ಕದಲ್ಲೇ ಧೊಪ್ಪೆಂದು ಕೂತು ಬುಟ್ಟಿಗೆ ಕೈಹಾಕಿ ಉಳಿದ ರೊಟ್ಟಿ ತೆಗೆದಳು.

"ಮೀಕು ಭಯಂ ಲೇದಾ ಆಂಟಿ, ಇಷ್ಟು ಜನ ನೋಡಿ?" ಎಂದು ಕೇಳಿದಳು, ಬಾಯಿತುಂಬ ರೊಟ್ಟಿ ಇಟ್ಟುಕೊಂಡು.

ಮಂದೆಯ ಜೊತೆ ಗಡಿ ಕಡೆ ತಿರುಗಿ ಅಮ್ಮನಿಗೆ ತೆಲುಗು ಬರುತ್ತದೆ. "ಭಯಮೆಂದುಕಮ್ಮಾ? ಜನ ಇದ್ರೆ ಯಾತರ ಭಯ? ಜನ ಇಲ್ದಿದ್ರೆ ಭಯ" ಎಂದಳು.

ಸಿಗರೇಟಿನ ಹುಡುಗಿಯನ್ನು ಅಮ್ಮ ಬಿಡದೆ ನೋಡುತ್ತಿದ್ದಳು. ನಾನು ಅಡ್ಡ ಬಂದು ನಿಂತೆ. "ಸರ್ಕಮ್ಮ ಅತ್ಲಾಗೆ" ಎಂದಳು. "ನಿಮ್ಮಜ್ಜಿ ಕಟ್ಟುಗಟ್ಲೆ ಬೀಡಿ ಸೇದ್ತಿರ್ಲಿಲ್ವಾ? ಇವ್ಳು ಸೇದಾಕೇ ಬರ್ದೆ ಕೆಮ್ತಾವ್ಳೆ ನೋಡು." ರೂಮ್‌ಮೇಟು ನಕ್ಕಿದ್ದಕ್ಕೆ ರೊಟ್ಟಿ ಗಂಟಲಿಗೆ ಸಿಕ್ಕಿತು, ಅಮ್ಮ ಅವಳ ನೆತ್ತಿ ತಟ್ಟಿದಳು. ಪಬ್ಬಿನಿಂದ ಇಳಿದ ಇಬ್ಬರು ನಮ್ಮ ಮುಂದೆಯೇ ಆಟೋ ಹುಡುಕುತ್ತ ನಿಂತರು. ಬೀಳುತ್ತಾರೇನೋ ಎಂದು ಅಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ. ಗಿಟಾರಿನ ಹುಡುಗನ ಹಾಡು ಅವಳಿಗೆ ಹಿಡಿಸಲಿಲ್ಲ, ಭೇದಿಯಾದವನ ಹಾಗೆ ನುಲಿಯುತ್ತಾನೆ ಎಂದಳು. ಆದರೂ ಹಾಡು ಮುಗಿದಾಗ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದಳು. ಒನ್ ಬೈ ಟು ಕಾಫಿಯನ್ನು ಮೂರು ಲೋಟ ಮಾಡಿ ಕುಡಿದೆವು. ಗೇಟಿಗೆ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು. ಬಸ್ಸಿನಲ್ಲಿ ಅವರಿಬ್ಬರೂ ಹಳೆಯ ನೆಂಟರ ಹಾಗೆ ಮಾತಾಡುತ್ತಿದ್ದರು, ನಾನು ಕಂಬ ಹಿಡಿದು ನಿಂತಿದ್ದೆ.

ರಾತ್ರಿ ಅಮ್ಮ ನನ್ನ ಮಂಚದ ಮೇಲೆ ಮಲಗಿದಳು, ನಾನು ಕೆಳಗೆ ಹಾಸಿಕೊಂಡೆ. ನನಗೆ ಸಮಾಧಾನವೇ ಆಗಿತ್ತು. ಅಮ್ಮ ನಕ್ಕಿದ್ದಳು, ಚಪ್ಪಾಳೆ ತಟ್ಟಿದ್ದಳು. ಹೂಂ ಅನ್ನುವುದೊಂದು ಬಾಕಿ.

ಬೆಳಿಗ್ಗೆ ಮತ್ತೆ ಮೆಜೆಸ್ಟಿಕ್, ಮತ್ತೆ ಅದೇ ಬೆಂಚು. ಬಸ್ಸು ಬಂದು ನಿಂತಿತ್ತು, ಡ್ರೈವರು ಇನ್ನೂ ಬಂದಿರಲಿಲ್ಲ. ಅಮ್ಮ ಎದುರಿನ ಬಸ್ಸಿನ ಬೋರ್ಡು ನೋಡುತ್ತ ಮಾತು ತೆಗೆದಳು.

"ನೆನ್ನೆ ರಾತ್ರಿ ಆ ಬೀದೀಲಿ ನಾನು ನಿನ್ನೇ ನೋಡ್ತಿದ್ದೆ. ಆ ಪಾವಗಡದ ಹುಡ್ಗಿ ಬಂದೇಟ್ಗೆ ಕುಂತ್ಕಂಡ್ಲು. ನೀನು ಒಂದ್ಸಲಾನೂ ಕುಂದ್ರಲಿಲ್ಲ. ಬಸ್ನಾಗೆ ಸೀಟಿತ್ತು, ಅಲ್ಲೂ ಕುಂದ್ರಲಿಲ್ಲ. ನಿಂತೇ ಇದ್ದೆ, ಕತ್ತು ಅತ್ಲಾಗೊಂದ್ಸಲ ಇತ್ಲಾಗೊಂದ್ಸಲ."

"ಏನೋ, ಅಭ್ಯಾಸ" ಎಂದೆ.

"ಹೊಸಾ ಹೊಲ್ದಾಗೆ ಮಂದೆ ಕೂಡ್ಸಿದ ರಾತ್ರಿ ಕುರಿ ಮಲಿಕ್ಕಂಡು ಮೆಲುಕಾಡ್ಬೇಕು. ಮಲಗ್ದಂಗೆ ನಿಂತೇ ಇದ್ರೆ ಎಲ್ಡೇ ಕಾರ್ಣ. ಒಂದು, ಜಾಗ ಸರಿಗಿಲ್ಲ. ಇಲ್ಲಾಂದ್ರೆ ಯಾರೋ ಗುರ್ತಿಲ್ದೋರು ಮಂದೆ ಮಧ್ಯೆ ನಿಂತವ್ರೆ. ಅವ್ರು ಆಚ್ಗೆ ಹೋಗಾಗಂಟ ಒಂದೂ ಮಲಗಲ್ಲ." ಅಮ್ಮ ಈಗ ನನ್ನ ಕಡೆ ತಿರುಗಿದಳು. "ನಂಗೆ ಜಾಗ ಸರಿಗೈತೆ ಅನ್ನುಸ್ತು. ಆದ್ರೆ ನೀನು ನಿಂತಿದ್ಯಲ್ಲ, ಅದೊಂದು ತಿಳೀಲಿಲ್ಲ. ನಿಮ್ಮಪ್ಪ ಕೇಳ್ತಾನೆ. ಎಲ್ಡ್ರಲ್ಲಿ ಯಾವ್ದು, ಹೇಳ್ಬುಡು."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು, ಅಪ್ಪನಿಗೆ ಸರಿಯಾಗಿ ವರದಿ ಒಪ್ಪಿಸಬೇಕು ಎಂದು. ನಾನು ಚಪ್ಪಲಿ ಕಚ್ಚುತ್ತಿತ್ತು ಎಂದೆ. ಅಮ್ಮ ಕಾದಳು. ತಲೆನೋವಿತ್ತು ಎಂದೆ. ಅದಕ್ಕೂ ಕಾದಳು. ಜಾಗ ಸರಿಯಿಲ್ಲ ಎಂಬ ಮೊದಲನೆಯ ಉತ್ತರ ಕೊಟ್ಟರೆ ತುಮಕೂರು, ದಿನಾ ಸಂಜೆ ಐದೂವರೆಯ ಬಸ್ಸು, ಎಲ್ಲಿಗಮ್ಮ ಹೊಂಟೆ. ಮಂದೆ ಮಧ್ಯೆ ಗುರುತಿಲ್ಲದವರು ಎಂಬ ಎರಡನೆಯದನ್ನು ಕೊಟ್ಟರೆ ಬೆಂಗಳೂರು ನನ್ನದು. ಎರಡನೆಯದು ನಿಜವೂ ಆಗಿತ್ತು. ನಿಜವೂ ಆಗಿದ್ದು, ನನಗೆ ಬೇಕಾದ್ದೂ ಆಗಿದ್ದರೆ ಹೇಳಲು ಸುಲಭವಾಗಬೇಕು. ಆಗಲಿಲ್ಲ. ಡ್ರೈವರು ಬಂದು ಹತ್ತಿ ಇಂಜಿನ್ನು ಚಾಲೂ ಮಾಡಿದರು.

"ನೀನಿದ್ಯಲ್ಲಮ್ಮ, ಅದಕ್ಕೆ" ಎಂದೆ.

ಅಮ್ಮ ಬುಟ್ಟಿಯ ಹಿಡಿಯನ್ನು ಸರಿಮಾಡಿದಳು. "ಅಂಗಾ" ಎಂದಳು. ಆಮೇಲೆ, "ಅಂಗೇ ಇರ್ಬೈದು ಅನ್ಕಂಡೆ" ಎಂದಳು. ಆಧಾರ್ ಕಾರ್ಡು ತೆಗೆದು ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. ನಾನು ಹೊರಗಿನಿಂದ ಅವಳ ಕಿಟಕಿಯ ಕೆಳಗೆ ಬಂದು ನಿಂತೆ. ಏನಾದರೂ ಹೇಳಬೇಕು ಅನಿಸುತ್ತಿತ್ತು, ನೀರಿನ ಬಾಟಲಿ ಇದೆಯಾ ಎಂದು ಕೇಳಿದೆ. ಇದೆ ಎಂದು ಎತ್ತಿ ತೋರಿಸಿದಳು. ಬಸ್ಸು ಹಿಂದಕ್ಕೆ ಸರಿಯುವಾಗ ತಲೆ ಹೊರಗೆ ಹಾಕಿ, "ಜಾಗ ಚೆನ್ನಾಗೈತೆ ಕಣಮ್ಮ. ಇರು. ನಿಮ್ಮಪ್ಪುಂಗೆ ನಾನ್ ಹೇಳ್ತೀನಿ" ಎಂದಳು. ಹೇಳಿದಳು ಕೂಡ. ಅದಾದ ಮೇಲೆ ಅಪ್ಪ ತುಮಕೂರಿನ ಸುದ್ದಿ ಎತ್ತಲಿಲ್ಲ. ದಸರಾ ರಜೆಗೆ ಹೋದಾಗ, ಊರು ಹೆಂಗಿತ್ತಂತೆ ಎಂದು ನಾನೇ ಕೆದಕಿದೆ. "ಚೆಂದಾಗೈತಂತೆ, ಜನ ಇರ್ತಾರಂತೆ" ಎಂದನೇ ಹೊರತು ಬೇರೇನನ್ನೂ ಹೇಳಲಿಲ್ಲ. ಅಮ್ಮ ಅವನಿಗೆ ಅಷ್ಟನ್ನೇ ಹೇಳಿದ್ದಳು.

ಎರಡನೆಯ ವರ್ಷ ನಾನು ಸಂಜೆಗಳಲ್ಲಿ ಕೂತೆ. ಆ ಕಟ್ಟೆಯ ಮೇಲೆ, ವಿಧಾನಸೌಧದ ಎದುರು, ಬಸ್ಸಿನ ಹಿಂದಿನ ಸೀಟಿನಲ್ಲಿ, ಕಾಲು ಚಾಚಿಕೊಂಡು ಕೂತೆ. ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮ ಮತ್ತೆ ಬೆಂಗಳೂರಿಗೆ ಬರಲಿಲ್ಲ. ಅವಳನ್ನು ಮದುವೆಗಳಿಗೆ, ಸಿರಾದ ಆಸ್ಪತ್ರೆಗೆ, ಎಲ್ಲಿ ಬೇಕೋ ಅಲ್ಲಿಗೆ ಪುಕ್ಕಟೆ ಬಸ್ಸು ಕರೆದುಕೊಂಡು ಹೋಗುತ್ತಿತ್ತು, ಇಲ್ಲಿಗೆ ಮಾತ್ರ ಇಲ್ಲ. ರೂಮ್‌ಮೇಟು ಎರಡು ಮೂರು ಸಲ ಫೋನು ಕಸಿದುಕೊಂಡು, ಬನ್ನಿ ಆಂಟಿ, ಇವಳನ್ನ ಬಿಟ್ಟು ನಾವಿಬ್ಬರೇ ತಿರಗೋಣ ಎಂದು ಕರೆದಳು. ಅಮ್ಮ ನಗುತ್ತಿದ್ದಳು, ಕುರಿ ಈಯುವ ಕಾಲ, ನಿಮ್ಮಂಕಲ್‌ಗೆ ಜ್ವರ ಎಂದು ಏನಾದರೊಂದು ಹೇಳುತ್ತಿದ್ದಳು.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ನಾನೇ ಕೇಳಿದೆ. ಇನ್ನು ಒಂದು ತಿಂಗಳು, ಆಮೇಲೆ ಹಾಸ್ಟೆಲ್ಲು ಖಾಲಿ ಮಾಡುತ್ತೇನೆ, ಒಂದು ದಿನಕ್ಕೆ ಬಂದು ಹೋಗಮ್ಮ ಎಂದೆ. ಫೋನಿನಲ್ಲಿ ಹಿಂದೆ ಕುರಿಮರಿಗಳ ಸದ್ದು ಕೇಳುತ್ತಿತ್ತು.

"ಬ್ಯಾಡ ಬುಡು ಮಗಾ. ನೀನು ಆರಾಮಾಗಿರು" ಎಂದಳು.

ನನಗೆ ನಿರಾಳವಾಯಿತು. ಉಸಿರು ತಾನಾಗಿಯೇ ಹೊರಗೆ ಬಂತು. ಅತ್ತ ಕಡೆ ಅಮ್ಮ, "ಅಂಗಾ" ಎಂದಳು. ಅವಳಿಗೆ ಅದು ಕೇಳಿಸಿತೆಂದು ನನಗೆ ಗೊತ್ತಾಯಿತು.